ರಿಪೇರಿಯಾದ ಮೇಲೂ ಉರಿಯುವ ದೀಪ

ಗಂಗಾವತಿಯ ಯಾವ ಅಕ್ಕಿ ಗಿರಣಿಗೆ ಹೋದರೂ ಸರ್ವರ್ ಇರುವ ಕೋಣೆ ಯಾವುದೆಂದು ಕೇಳಬೇಕಾಗಿಲ್ಲ. ಲೆಕ್ಕ ಬರೆಯುವವರು ಕೂರುವ ಜಾಗದ ಹಿಂದೆ, ಸದಾ ಬಾಗಿಲು ಹಾಕಿಕೊಂಡಿರುವ ಒಂದು ಕಿರುಕೋಣೆ ಇರುತ್ತದೆ. ಒಳಗೆ ಒಂದು ಎ.ಸಿ., ಒಂದು ಯುಪಿಎಸ್, ಅದರ ಬ್ಯಾಟರಿಗಳ ಸಾಲು, ಕಪ್ಪು ಕಪಾಟಿನಲ್ಲಿ ಮಲಗಿಸಿಟ್ಟ ಒಂದು ಕಬ್ಬಿಣದ ಪೆಟ್ಟಿಗೆ. ವೇಬ್ರಿಜ್ ಮೇಲೆ ಭತ್ತದ ಲಾರಿ ಬಂದು ನಿಂತಾಗ ಬಿದ್ದ ತೂಕ, ರೈತನಿಗೆ ಕೊಡಬೇಕಾದ ಬಾಕಿ, ಹಮಾಲರ ಕೂಲಿ, ಊರೂರಿಗೆ ಹೋದ ಸೋನಾಮಸೂರಿ ಚೀಲಗಳ ಬಿಲ್ಲು, ಎಲ್ಲ ಆ ಪೆಟ್ಟಿಗೆಯೊಳಗೆ. ನನ್ನ ಕಸುಬು ಇಂಥ ಪೆಟ್ಟಿಗೆಗಳನ್ನು ನೋಡಿಕೊಳ್ಳುವುದು. ಗಂಗಾವತಿ, ಕಾರಟಗಿಯ ಗಿರಣಿಗಳದ್ದೇ ಹೆಚ್ಚು. ಆಗಾಗ ಕೊಪ್ಪಳದ ಆಸ್ಪತ್ರೆ, ಕುಷ್ಟಗಿ ಯಲಬುರ್ಗಾ ಕಡೆಯ ಪತ್ತಿನ ಸಹಕಾರಿ ಸಂಘ, ಗಿಣಿಗೇರಾದ ಕಾರ್ಖಾನೆ.

ಸರ್ವರಿನ ಮುಖದ ಮೇಲೆ ಒಂದು ಸಣ್ಣ ದೀಪವಿರುತ್ತದೆ. ಎಲ್ಲ ಸರಿಯಿದ್ದರೆ ಹಸಿರು, ಕೆಲವು ಕಂಪನಿಗಳದ್ದು ನೀಲಿ. ಒಳಗೆ ಏನಾದರೂ ಕೆಟ್ಟರೆ ಹಳದಿಗೆ ತಿರುಗಿ ಮಿಟುಕತೊಡಗುತ್ತದೆ. ಕೆಟ್ಟಾಗ ಹೊತ್ತಿಕೊಂಡ ದೀಪದ ಬಗ್ಗೆ ಯಾರದೂ ತಕರಾರಿಲ್ಲ. ಹೊಸ ಭಾಗ ಕೂಡಿಸಿ, ಬಿಲ್ಲು ಕೊಟ್ಟು, ಗಿರಣಿಯ ಕೆಲಸ ಎಂದಿನಂತೆ ಸಾಗತೊಡಗಿದ ಮೇಲೂ ಅದು ಉರಿಯುತ್ತಲೇ ಇದ್ದರೆ ಆಗ ತಕರಾರು. ಈ ಕಸುಬಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಗಳಿಗೆಯೂ ಅದೇ. ಯಂತ್ರವನ್ನು ನಿಜವಾಗಿ ನೋಡುವ ಅವಕಾಶ ಸಿಗುವುದು ಆಗ.

ಒಂದು ಬೇಸಿಗೆಯ ಮಾತು. ಏಪ್ರಿಲ್ ಕೊನೆಗೆ ನಮ್ಮ ಕಡೆ ಸಂಜೆಯಾಗುತ್ತಲೇ ಗಾಳಿ ಎದ್ದು, ಗುಡುಗಿ, ನಾಲ್ಕು ಹನಿ ಉದುರಿಸಿ ಹೋಗುತ್ತದಲ್ಲ, ಅಂಥದೊಂದು ಸಂಜೆ ಕರೆಂಟು ಬಂದು ಹೋಗಿ ಮಾಡಿತು. ಒಂದು ಗಿರಣಿಯ ಸರ್ವರಿನಲ್ಲಿ ಪವರ್ ಸಪ್ಲೈ ಸುಟ್ಟುಹೋಯಿತು. ಇಂಥ ಯಂತ್ರಗಳಲ್ಲಿ ಪವರ್ ಸಪ್ಲೈ ಎರಡಿರುತ್ತವೆ. ಒಂದು ಸತ್ತರೂ ಇನ್ನೊಂದು ಪೂರ್ತಿ ಭಾರ ಹೊತ್ತು ನಡೆಸುತ್ತದೆ. ಹಾಗಾಗಿ ಸರ್ವರ್ ನಿಲ್ಲಲಿಲ್ಲ. ಬೇಸಿಗೆ ಬೆಳೆಯ ಭತ್ತ ಹೊತ್ತು ಸಾಲುಗಟ್ಟಿದ್ದ ಲಾರಿಗಳೂ ನಿಲ್ಲಲಿಲ್ಲ. ಹೊಸ ಪವರ್ ಸಪ್ಲೈ ತರಿಸಿ, ಯಂತ್ರ ಚಾಲೂ ಇದ್ದಾಗಲೇ ಸುಟ್ಟದ್ದನ್ನು ಎಳೆದು ಹೊಸದನ್ನು ಕೂಡಿಸಿದ್ದಾಯಿತು. ಹಿಂಬದಿಯಲ್ಲಿ ಅದರದೇ ದೀಪ ಹಸಿರಾಯಿತು. ಮುಂದಿನ ದೀಪ ಹಳದಿಯಾಗಿಯೇ ಉಳಿಯಿತು.

ಗಿರಣಿಯ ಸಾವ್ಕಾರರು ಬಾಗಿಲಲ್ಲೇ ನಿಂತು ಕೇಳಿದರು.

‘ಸರ, ರಿಪೇರಿ ಆತು ಅಂದ್ರಿ. ಮತ್ತ ಈ ಲೈಟ್ ಯಾಕ ಉರಿಯಾಕತ್ತೈತ್ರೀ?’

‘ಅದನ್ನ ನೋಡಾಕತ್ತೀನ್ರಿ ಸಾವ್ಕಾರ್ರ.’

‘ಮಷಿನ್ ಚಲೋ ನಡದೈತಲ್ರೀ. ಆ ಲೈಟ್ ಒಂದು ಆರಿಸಿಬಿಡ್ರಿ ಸಾಕು. ನೋಡಿದಾಗೊಮ್ಮೆ ಎದಿ ಝಲ್ ಅಂತೈತಿ.’

ಅವರ ಆತಂಕ ಸಣ್ಣದಲ್ಲ. ಎಷ್ಟೋ ಹಳ್ಳಿಗಳ ರೈತರ ಲೆಕ್ಕ ಆ ಪೆಟ್ಟಿಗೆಯಲ್ಲಿದೆ. ಅದು ಕೈಕೊಟ್ಟರೆ ನಾಳೆ ಬೆಳಿಗ್ಗೆ ಗೇಟಿನ ಮುಂದೆ ನಿಲ್ಲುವವರಿಗೆ ಉತ್ತರ ಕೊಡಬೇಕಾದವರು ಅವರೇ. ದೀಪ ಆರಿಸುವುದೂ ಕಷ್ಟದ ಕೆಲಸವಲ್ಲ. ಸರ್ವರಿನೊಳಗೆ ಒಂದು ದಾಖಲೆ ಪುಸ್ತಕವಿರುತ್ತದೆ. ಅದನ್ನು ಅಳಿಸುವ ಬಟನ್ ಒತ್ತಿದರೆ ಎಷ್ಟೋ ಸಲ ದೀಪ ತಾನಾಗಿ ತಣ್ಣಗಾಗುತ್ತದೆ. ಕೆಲವು ಕಂಪನಿಗಳ ಯಂತ್ರದಲ್ಲಿ ಒಂದೊಂದು ದೋಷದ ಎದುರಿಗೂ ‘ದುರಸ್ತಿಯಾಗಿದೆ’ ಎಂದು ಗುರುತು ಹಾಕುವ ಅನುಕೂಲವೇ ಇದೆ. ಆ ಗುರುತು ಹಾಕುವ ಕೈಗೆ ದೋಷ ಏನೆಂದು ಗೊತ್ತಿರಬೇಕು. ಓದದೆ ಅಳಿಸುವುದು ನನ್ನ ದೃಷ್ಟಿಯಲ್ಲಿ ಈ ಕಸುಬಿನ ಅತಿ ದೊಡ್ಡ ಅನ್ಯಾಯ. ಅಳಿಸಿದ ಸಾಲು ಮರಳಿ ಬರುವುದಿಲ್ಲ. ನಾಳೆ ನಿಜವಾದ ಕಾರಣ ಹುಡುಕಲು ಬಂದವನಿಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

ಆ ದಾಖಲೆ ಬರೆಯುವುದು ಸರ್ವರ್ ಅಲ್ಲ. ಅದರ ಹೊಟ್ಟೆಯಲ್ಲಿ ಇನ್ನೊಂದು ಪುಟ್ಟ ಕಂಪ್ಯೂಟರ್ ಇದೆ. ಸರ್ವರನ್ನು ಬಂದ್ ಮಾಡಿದರೂ, ವೈರು ಗೋಡೆಯ ಪ್ಲಗ್ಗಿನಲ್ಲಿರುವ ತನಕ ಅದು ಎಚ್ಚರವಾಗಿರುತ್ತದೆ. ಫ್ಯಾನಿನ ವೇಗ, ಗಾಳಿ ಒಳಬರುವಲ್ಲಿನ ಉಷ್ಣತೆ, ಒಂದೊಂದು ವೋಲ್ಟೇಜು, ಮೆಮರಿಯಲ್ಲಿ ತಿದ್ದಿದ ತಪ್ಪುಗಳ ಎಣಿಕೆ, ಮೇಲ್ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ, ಎಲ್ಲವನ್ನೂ ನೋಡುತ್ತಾ ಬರೆದಿಡುತ್ತದೆ. ಇದಕ್ಕೆಲ್ಲ ಒಂದು ಸಮಾನ ಪದ್ಧತಿ ಬಂದದ್ದು 1998ರಲ್ಲಿ. ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಕೂಡಿ ಐಪಿಎಂಐ ಎಂಬ ನಿಯಮಾವಳಿ ಹೊರತಂದವು. ಅದಕ್ಕೂ ಹಿಂದೆ ಒಂದೊಂದು ಕಂಪನಿಯ ಯಂತ್ರಕ್ಕೂ ಒಂದೊಂದು ಭಾಷೆ.

ರಿಪೇರಿಯ ನಂತರವೂ ದೀಪ ಉರಿಯುತ್ತಿದ್ದರೆ ಮೊದಲು ತಿಳಿಯಬೇಕಾದದ್ದು ಒಂದೇ: ಅದು ನಿನ್ನೆಯ ಮಾತು ಹೇಳುತ್ತಿದೆಯೋ ಇವತ್ತಿನದೋ. ಕೆಲವು ದೋಷಗಳನ್ನು ಆ ಪುಟ್ಟ ಕಂಪ್ಯೂಟರ್ ಒಮ್ಮೆ ಹಿಡಿದರೆ ಯಾರಾದರೂ ಬಂದು ಬಿಡಿಸುವ ತನಕ ಬಿಡುವುದಿಲ್ಲ. ಭಾಗ ಬದಲಾದದ್ದು ಅದಕ್ಕೆ ತಿಳಿದಿರುವುದಿಲ್ಲ, ಅಥವಾ ಹಳೆಯ ಭಾಗದ ವಿವರವೇ ನೆನಪಿನಲ್ಲಿ ಕೂತಿರುತ್ತದೆ. ಇದು ನಿನ್ನೆಯ ಮಾತು. ಅದನ್ನು ಓದಿ, ನಕಲು ತೆಗೆದಿಟ್ಟು ಅಳಿಸಬಹುದು. ಆದರೆ ಹೊಸ ಭಾಗ ಕೂತ ಕ್ಷಣದ ನಂತರ ಬಿದ್ದ ಸಾಲು ಒಂದಾದರೂ ಇದ್ದರೆ ಅದು ಇವತ್ತಿನ ಮಾತು. ಅದಕ್ಕೆ ಉತ್ತರ ಸಿಗುವ ತನಕ ಕೋಣೆಯಿಂದ ಹೊರಗೆ ಬರಬಾರದು.

ಆ ಗಿರಣಿಯ ದಾಖಲೆಯಲ್ಲಿ ಅಂಥ ಸಾಲು ಇತ್ತು. ಪವರ್ ಸಪ್ಲೈ ಕೆಟ್ಟದ್ದು, ತೆಗೆದದ್ದು, ಹೊಸದು ಕೂತದ್ದು ಒಂದರ ಕೆಳಗೊಂದು ಬರೆದಿತ್ತು. ಹೊಸದು ಕೂತ ಕೆಲವೇ ಸೆಕೆಂಡಿಗೆ ಇನ್ನೊಂದು ಸಾಲು: ಎರಡೂ ಪವರ್ ಸಪ್ಲೈಗಳು ಒಂದಕ್ಕೊಂದು ಹೊಂದುತ್ತಿಲ್ಲ. ಎಳೆದು ನೋಡಿದರೆ ಹಳೆಯದು 495 ವ್ಯಾಟಿನದು, ಹೊಸದು 750 ವ್ಯಾಟಿನದು. ಎರಡರ ಉದ್ದಗಲ ಒಂದೇ, ಹಿಡಿಕೆ ಒಂದೇ, ಪ್ಲಗ್ಗೂ ಒಂದೇ, ಕಣ್ಣಿಗೆ ಅವಳಿಗಳು. ಚೀಟಿಯ ಮೇಲಿನ ಸಣ್ಣ ಅಕ್ಷರದಲ್ಲಿ ಮಾತ್ರ ಬೇರೆ. ದೊಡ್ಡದಾದರೆ ಒಳ್ಳೆಯದೇ ಅಲ್ಲವೇ ಎಂದು ಸಾವ್ಕಾರರು ಕೇಳಿದರು. ಅವರ ಗಿರಣಿಯ ಮೋಟಾರಿನ ಲೆಕ್ಕದಲ್ಲಿ ಅದು ಸರಿ. ಇಲ್ಲಿ ಎರಡೂ ಸಮನಾಗಿ ಭಾರ ಹಂಚಿಕೊಳ್ಳಬೇಕು. ಜೋಡಿ ಸರಿಯಿಲ್ಲದಿದ್ದರೆ ಯಂತ್ರ ಎರಡನೆಯದನ್ನು ಆಸರೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಸಾವ್ಕಾರರು ಎರಡಿವೆ ಎಂದು ನಂಬಿ ಮಲಗುತ್ತಿದ್ದರು, ಕೆಲಸಕ್ಕೆ ಬರುತ್ತಿದ್ದದ್ದು ಒಂದೇ. ದೀಪ ಹೇಳುತ್ತಿದ್ದದ್ದು ಅದನ್ನು.

ಸರಿಯಾದ ಜೋಡಿ ತರಿಸಿಕೊಂಡು ಅಮಾವಾಸ್ಯೆಗೆ ಕಾದೆವು. ಅಮಾವಾಸ್ಯೆಯ ದಿನ ನಮ್ಮ ಕಡೆ ಹಮಾಲರು ಚೀಲ ಎತ್ತುವುದಿಲ್ಲ, ವ್ಯಾಪಾರವೂ ನಿಲ್ಲುತ್ತದೆ. ಸರ್ವರ್ ಪೂರ್ತಿ ಬಂದ್ ಮಾಡಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಎರಡೂ ವೈರು ಕಿತ್ತು, ಪವರ್ ಬಟನ್ ಒತ್ತಿ ಹಿಡಿದು, ಒಳಗೆ ಉಳಿದ ವಿದ್ಯುತ್ತು ಇಳಿಯಲು ಬಿಟ್ಟೆವು. ಹಳೆಯ ನೆನಪು ಹಿಡಿದು ಕೂತ ಪುಟ್ಟ ಕಂಪ್ಯೂಟರನ್ನು ಮೊದಲಿನಿಂದ ಏಳಿಸುವ ದಾರಿ ಅದು. ಮುಚ್ಚಳ ತೆಗೆದೆ. ಫ್ಯಾನಿನ ರೆಕ್ಕೆಗಳಿಗೆ ತೌಡಿನ ಧೂಳು ಮೆತ್ತಿಕೊಂಡಿತ್ತು. ತೌಡಿನಲ್ಲಿ ಎಣ್ಣೆಯ ಅಂಶ ಇರುವುದರಿಂದ ಈ ಧೂಳು ಊದಿದರೆ ಹಾರುವುದಿಲ್ಲ, ಬ್ರಷ್ಷಿನಲ್ಲಿ ಕೆರೆದೇ ತೆಗೆಯಬೇಕು. ಗಿಣಿಗೇರಾ ಕಡೆಯ ಯಂತ್ರಗಳಲ್ಲಿ ಕಬ್ಬಿಣದ ಕಾರ್ಖಾನೆಗಳ ಕಪ್ಪು ಧೂಳು ಇರುತ್ತದೆ. ಅದು ಬೇರೆ ಜಾತಿಯ ತ್ರಾಸು.

ಎಲ್ಲ ಕೂಡಿಸಿ ಚಾಲೂ ಮಾಡಿದಾಗ ದೀಪ ನೀಲಿಯಾಯಿತು. ಸಾವ್ಕಾರರು ಚಹ ತರಿಸಿದರು. ಚಹ ಮುಗಿಯುವುದರೊಳಗೆ ಮತ್ತೆ ಹಳದಿ.

ದಾಖಲೆ ತೆರೆದರೆ ಹೊಸ ಸಾಲು ಕಾಣುತ್ತಿಲ್ಲ. ಹೊಸದು ಮೇಲೆ, ಹಳೆಯದು ಕೆಳಗೆ ಎಂಬ ಕ್ರಮದಲ್ಲಿ ಪಟ್ಟಿ ಬರುತ್ತದೆ. ಎಲ್ಲಕ್ಕೂ ಮೇಲಿದ್ದದ್ದು ಹಿಂದಿನ ದಿನದ ಸಾಲು. ಇಂಥ ಹೊತ್ತಿನಲ್ಲಿ ಸೆನ್ಸರ್ ಹುಚ್ಚಾಗಿದೆ ಎಂದು ತೀರ್ಮಾನಿಸಿ ಎಷ್ಟೋ ಮಂದಿ ಕೈತೊಳೆದುಕೊಳ್ಳುತ್ತಾರೆ. ಪಟ್ಟಿಯ ತಳಕ್ಕೆ ಹೋದೆ. ಅಲ್ಲಿ ಕೆಲವು ಸಾಲುಗಳ ಮುಂದೆ 1970ರ ಜನವರಿ 1 ಎಂದಿತ್ತು. ಗಂಗಾವತಿ ಆಗ ರಾಯಚೂರು ಜಿಲ್ಲೆಯ ತಾಲ್ಲೂಕು. ಈ ಸರ್ವರನ್ನು ಯಾರೂ ಕನಸಿನಲ್ಲೂ ಕಂಡಿರಲಿಲ್ಲ. ಬಹಳಷ್ಟು ಕಂಪ್ಯೂಟರುಗಳು ಕಾಲವನ್ನು ಆ ದಿನದಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಗಡಿಯಾರ ಕಳೆದುಕೊಂಡ ಯಂತ್ರ ಎಣಿಕೆಯ ಆರಂಭಕ್ಕೇ ಹೋಗಿ ನಿಲ್ಲುತ್ತದೆ. ವೈರು ಕಿತ್ತಾಗ ಗಡಿಯಾರ ಕಳೆದುಹೋಗಿತ್ತು. ಆಮೇಲೆ ಬಿದ್ದ ಎಲ್ಲ ಹೊಸ ಸಾಲುಗಳೂ ಅತಿ ಹಳೆಯವೆಂಬ ವೇಷದಲ್ಲಿ ತಳ ಸೇರಿದ್ದವು. ಆದರೆ ಪ್ರತಿ ಸಾಲಿಗೂ ಒಂದು ಕ್ರಮಸಂಖ್ಯೆ ಇರುತ್ತದೆ. ದಿನಾಂಕ ಬಿಟ್ಟು ಸಂಖ್ಯೆ ಹಿಡಿದು ಓದಿದರೆ ಘಟನೆಗಳು ನಡೆದ ಕ್ರಮದಲ್ಲೇ ಬಂದು ನಿಂತವು. ಕೊನೆಯ ಸಂಖ್ಯೆಯ ಸಾಲು ಹೇಳಿತು: ಮದರ್‌ಬೋರ್ಡಿನ ಬ್ಯಾಟರಿ ಇಳಿದಿದೆ.

ಅದು ಸಿಆರ್ 2032 ಎಂಬ ಬಿಲ್ಲೆ ಬ್ಯಾಟರಿ. ಅಡ್ಡಳತೆ 20 ಮಿಲಿಮೀಟರ್, ದಪ್ಪ 3.2, ಹೆಸರಿನಲ್ಲೇ ಅಳತೆ ಇದೆ. ಹೊಸದಾದರೆ 3 ವೋಲ್ಟ್ ಕೊಡಬೇಕು. ಇಕ್ಕುಳದ ತುದಿಯಿಂದ ಎಬ್ಬಿಸಿ ಮೀಟರ್ ಹಿಡಿದೆ. ಮುಳ್ಳು ಎರಡೂವರೆಯನ್ನೂ ಮುಟ್ಟಲಿಲ್ಲ. ವರ್ಷಗಟ್ಟಲೆ ಗೋಡೆಯ ಕರೆಂಟು ಇದ್ದುದರಿಂದ ಅದರ ಸೋಲು ಹೊರಬಿದ್ದಿರಲಿಲ್ಲ. ನಾವು ವೈರು ಕಿತ್ತ ದಿನ ಮೊದಲ ಬಾರಿ ಅದರ ಪಾಳಿ ಬಂತು. ಅದನ್ನು ಸಾವ್ಕಾರರ ಅಂಗೈಯಲ್ಲಿಟ್ಟೆ. ಅವರು ಬಹಳ ಹೊತ್ತು ನೋಡಿ, ‘ಇಷ್ಟು ಸಣ್ಣದು ಇಷ್ಟು ಕಾಡಿತೇನ್ರೀ’ ಅಂದರು. ಬಜಾರಿಗೆ ಹುಡುಗನನ್ನು ಕಳಿಸಿದರೆ ಕಾರಿನ ಕೀಲಿಗೆ ಹಾಕುವುದೂ ಅದೇ ಎಂದು ಅಂಗಡಿಯವನು ಕೊಟ್ಟು ಕಳಿಸಿದ. ಹಾಕಿ, ಗಡಿಯಾರ ಸರಿ ಮಾಡಿ, ದಾಖಲೆಯ ನಕಲು ತೆಗೆದಿಟ್ಟು, ಆಮೇಲೆ ಅಳಿಸಿದೆ. ದೀಪ ನೀಲಿಯಾಗಿ ನಿಂತಿತು.

ಇಷ್ಟಕ್ಕೆ ಏಳಬಹುದಿತ್ತು. ಆದರೆ ಮೊದಲನೆಯ ಪವರ್ ಸಪ್ಲೈ ಸುಟ್ಟದ್ದು ಯಾಕೆ ಎಂಬ ಪ್ರಶ್ನೆ ಉಳಿದಿತ್ತು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮೀಟರ್ ಹಿಡಿದರೆ ಎರಡು ಮೂರು ವೋಲ್ಟಿನೊಳಗೆ ಇರಬೇಕೆಂಬುದು ನಮ್ಮ ಕಸುಬಿನ ವಾಡಿಕೆ ಲೆಕ್ಕ. ಅಲ್ಲಿ ಅದಕ್ಕಿಂತ ಬಹಳ ಹೆಚ್ಚಿತ್ತು. ಗಿರಣಿಯ ವೈರ್‌ಮನ್ ಅಂಗಳದ ಮೂಲೆಗೆ ಕರೆದೊಯ್ದರು. ಬಾಯ್ಲರಿನಿಂದ ತಂದು ಸುರಿದ ಉಮಿಬೂದಿಯ ಗುಡ್ಡೆಯ ಕೆಳಗೆ ಅರ್ತಿಂಗ್ ಗುಂಡಿ ಹೂತುಹೋಗಿತ್ತು. ಬೂದಿ ಸರಿಸಿ ಮುಚ್ಚಳ ಎತ್ತಿದರೆ ಮಣ್ಣು ಒಣಗಿ ಬಿರುಕು ಬಿಟ್ಟಿದೆ. ನೀರು ಕಾಣದ ನೆಲದಲ್ಲಿ ವಿದ್ಯುತ್ತು ಇಳಿದು ಹೋಗುವುದಾದರೂ ಹೇಗೆ? ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ನೀರು ಹಾಕಿಸಿದರು. ಈಗ ಪ್ರತಿ ಬೇಸಿಗೆ ಆ ವೈರ್‌ಮನ್ ಅಣ್ಣ ಗುಂಡಿಗೆ ಕೊಡ ನೀರು ಹೊಯ್ಯುವುದನ್ನು ಮರೆಯುವುದಿಲ್ಲ.

ಬೇರೆ ಕಡೆ ಬೇರೆ ಕಾರಣಗಳು. ಮುಚ್ಚಳದ ಕೆಳಗಿನ ಸ್ವಿಚ್ಚು ಒತ್ತಿಕೊಳ್ಳದೆ ಉಳಿದಿರುತ್ತದೆ. ರಿಪೇರಿ ಮಾಡುವಾಗ ಕೈತಾಗಿ ಮೆಮರಿ ಪಟ್ಟಿಯೊಂದು ಕೂದಲೆಳೆಯಷ್ಟು ಎದ್ದಿರುತ್ತದೆ. ಹಾರ್ಡ್ ಡಿಸ್ಕ್ ಬದಲಿಸಿದರೆ ಹೊಸದರಲ್ಲಿ ಹಿಂದಿನ ಮನೆಯ ಗುರುತು ಹಾಗೇ ಇದ್ದು ಯಂತ್ರ ಅದನ್ನು ಪರಕೀಯವೆಂದು ದೂರ ಇಡುತ್ತದೆ. ಹುಡುಕುವ ದಾರಿ ಅದೇ: ಹೊಸ ಸಾಲು ಯಾವುದು, ಅದು ಏನು ಹೇಳುತ್ತದೆ.

ಡಿಸ್ಕಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಒಂದೇ ದಿನ, ಒಂದೇ ಪೆಟ್ಟಿಗೆಯಿಂದ ತೆಗೆದು ಕೂಡಿಸಿದ ಡಿಸ್ಕುಗಳಲ್ಲಿ ಒಂದು ಸತ್ತಿತೆಂದರೆ ಉಳಿದವೂ ಅಷ್ಟೇ ತಿರುಗಿವೆ, ಅಷ್ಟೇ ಕಾದಿವೆ. ಸತ್ತದ್ದನ್ನು ಬದಲಿಸಿದಾಗ ಹೊಸದನ್ನು ತುಂಬಿಸಲು ಉಳಿದೆಲ್ಲವನ್ನೂ ಗಂಟೆಗಟ್ಟಲೆ ಓದಿಸಬೇಕು; ದಣಿದವು ಕುಸಿಯುವುದು ಆ ಗಂಟೆಗಳಲ್ಲಿ. ಹಾಗಾಗಿ ಒಂದನ್ನು ಬದಲಿಸಿದ ದಿನವೇ ಉಳಿದವುಗಳ ಆಯುಷ್ಯ ಓದುವುದು ನನ್ನ ಪದ್ಧತಿ.

ಈ ಪದ್ಧತಿಯ ನೆನಪಿನೊಂದಿಗೇ ನಾನು ತುಂಗಭದ್ರಾ ಜಲಾಶಯದ ಸುದ್ದಿಯನ್ನೂ ಓದುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ಮುನಿರಾಬಾದಿನ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಜಲಾಶಯ ತುಂಬಿತ್ತು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ನಾಟಿಯ ಹಂಗಾಮು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಬೆಳೆಗೆ ಕೂಡಿಟ್ಟ ನೀರು ಕಣ್ಣೆದುರೇ ನದಿಗೆ ಹೋಯಿತು. ಆ ವಾರ ನಮ್ಮ ಗಿರಣಿಗಳಲ್ಲಿ, ಚಹದಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಸುತ್ತಲಿನ ವರ್ಕ್‌ಶಾಪುಗಳಲ್ಲಿ, ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಲ್ಲಿ ರಾತ್ರಿ ಹಗಲು ಉಕ್ಕಿನ ತುಂಡುಗಳು ತಯಾರಾದವು. 60 ಅಡಿ ಅಗಲ, 20 ಅಡಿ ಎತ್ತರದ ಬಾಯಿ ಅದು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಡೆಯ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಆಗಸ್ಟ್ 17ಕ್ಕೆ ಬಾಯಿ ಮುಚ್ಚಿದರು. ಕ್ರೇನಿನ ಮೇಲೆ, ಆ ನೀರಿನ ಅಂಚಿನಲ್ಲಿ ಕೆಲಸ ಮಾಡಿದವರಿಗೆ ಈ ಸೀಮೆ ಋಣಿ. ಮಳೆಯೂ ಕೈಹಿಡಿದು ಅದೇ ಹಂಗಾಮಿನಲ್ಲಿ ಜಲಾಶಯ ಮತ್ತೆ ತುಂಬಿಕೊಂಡಿತು.

ರಿಪೇರಿಯೇನೋ ಆಯಿತು. ಆದರೆ ಅಣೆಕಟ್ಟಿಗೆ ಗೇಟುಗಳು 33. ನೀರು ನಿಂತದ್ದು 1953ರಲ್ಲಿ; ಗೇಟುಗಳೆಲ್ಲ ಒಂದೇ ಕಾಲದವು, ಒಂದೇ ನೀರು ಕುಡಿದವು, ಒಂದೇ ಬಿಸಿಲು ಕಂಡವು. 19ನೆಯದು ಹೇಳಿದ್ದು ತನ್ನೊಂದರ ಸುದ್ದಿಯನ್ನಲ್ಲ. ಈಗ ಕಟ್ಟುವ ಅಣೆಕಟ್ಟುಗಳಲ್ಲಿ ಗೇಟಿನ ಮುಂದೆ ಸ್ಟಾಪ್‌ಲಾಗ್ ಇಳಿಸುವ ಏರ್ಪಾಡು ಮೊದಲೇ ಇರುತ್ತದೆ, ನಮ್ಮಲ್ಲಿ ಅದಿರಲಿಲ್ಲ. ಅಂದರೆ ಅಷ್ಟು ವರ್ಷ ಎರಡನೆಯ ಆಸರೆ ಇಲ್ಲದೆ ಒಂದೊಂದು ಸರಪಳಿಯ ಮೇಲೆ ನಮ್ಮ ನಾಟಿ, ನಮ್ಮ ಗಿರಣಿ, ನಮ್ಮ ಕುಡಿಯುವ ನೀರು ನಿಂತಿತ್ತು. ಆಮೇಲೆ ಬಂದ ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿ ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದು ಹೇಳಿತು. 2025ರ ಮುಂಗಾರಿನಲ್ಲಿ ಜಲಾಶಯವನ್ನು ಪೂರ್ತಿ ತುಂಬಿಸದೆ 80 ಟಿಎಂಸಿಗೆ ಮಿತಿಗೊಳಿಸಿದರು. ಹೂಳು ತುಂಬಿ 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದ ಜಲಾಶಯ ಅದು. ಅದರಲ್ಲೂ ಕಾಲುಭಾಗ ಖಾಲಿ. ಆ ಆಗಸ್ಟಿನಲ್ಲಿ ಇನ್ನೂ ಕೆಲವು ಗೇಟುಗಳು ಬಾಗಿವೆ, ಏಳುತ್ತಿಲ್ಲ ಎಂಬ ಸುದ್ದಿಯೂ ಬಂತು. ಹೊಸ ಗೇಟು ಕೂಡಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಎಂದು ತೀರ್ಮಾನವಾಯಿತು.

ಎರಡನೇ ಬೆಳೆ ತಪ್ಪಿದರೆ ಏನಾಗುತ್ತದೆಂದು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಗಿರಣಿಯ ಮುಂದೆ ಲಾರಿ ಇಲ್ಲ, ಹಮಾಲರಿಗೆ ಕೂಲಿ ಇಲ್ಲ, ನಾಟಿಗೆ ಹೋಗುವ ಹೆಣ್ಣುಮಕ್ಕಳಿಗೆ ಕೆಲಸವಿಲ್ಲ. ರೈತರು ಬೀದಿಗಿಳಿದು ನೀರು ಕೇಳಿದ್ದರಲ್ಲಿ ತಪ್ಪು ಕಾಣಿಸುವುದಿಲ್ಲ. ಒಂದು ಹಂಗಾಮಿನ ಬೆಲೆ ತೆತ್ತವರು ಅವರೇ. ಆದರೂ ಗೇಟು ಬದಲಿಸುವ ನಿರ್ಧಾರದ ಪರವಾಗಿ ನಾನು ನಿಲ್ಲುತ್ತೇನೆ. ಅಮಾವಾಸ್ಯೆಗೆ ಕಾದು ಸರ್ವರನ್ನು ಬಂದ್ ಮಾಡಿದ ಹಾಗೆ ಒಂದು ಜಲಾಶಯವನ್ನು ಬಂದ್ ಮಾಡಲಾಗುವುದಿಲ್ಲ. ಅದಕ್ಕೆ ಸಿಗುವ ಬಿಡುವು ನೀರು ಇಳಿದ ಬೇಸಿಗೆ ಒಂದೇ. ಆ ಬಿಡುವನ್ನು ಬಿಟ್ಟುಕೊಟ್ಟರೆ ಮುಂದಿನ ಆಗಸ್ಟಿನಲ್ಲಿ ಯಾವ ಸಂಖ್ಯೆಯ ಗೇಟು ಮಾತಾಡುತ್ತದೋ ಯಾರು ಹೇಳಬೇಕು?

ನನ್ನ ಬೇಡಿಕೆ ಒಂದಿದೆ. ಸರ್ವರಿನ ದಾಖಲೆ ಓದಲು ನನ್ನಂಥವನು ಬೇಕು ನಿಜ; ಆದರೆ ಓದಿದ್ದನ್ನು ಸಾವ್ಕಾರರಿಗೆ ನಾನು ಕನ್ನಡದಲ್ಲಿ ಬರೆದು ಕೊಡುತ್ತೇನೆ. ಯಾವ ಭಾಗ, ಯಾವಾಗ ಬದಲಾಯಿತು, ಯಾವುದು ಇನ್ನೂ ಹಳೆಯದು, ಯಾವುದರ ಮೇಲೆ ಕಣ್ಣಿಡಬೇಕು. ಆ ವಹಿ ಲೆಕ್ಕ ಬರೆಯುವವರ ಮೇಜಿನ ಮೇಲೆಯೇ ಇರುತ್ತದೆ. ಅರ್ತಿಂಗ್ ಗುಂಡಿಗೆ ನೀರು ಹಾಕಿದ ದಿನವನ್ನು ವೈರ್‌ಮನ್ ಅಣ್ಣ ಬರೆಯುವುದೂ ಅದರಲ್ಲೇ. ತುಂಗಭದ್ರಾ ಮಂಡಳಿಯವರೂ ಗೇಟುವಾರು ಅಂಥದೊಂದು ವಹಿಯನ್ನು ಕನ್ನಡದಲ್ಲಿ ಮುನಿರಾಬಾದಿನಲ್ಲಿ ತೂಗುಹಾಕಬೇಕು: ಪ್ರತಿ ಗೇಟಿನ ಉಕ್ಕಿನ ದಪ್ಪ, ಸರಪಳಿ ಪರೀಕ್ಷಿಸಿದ ದಿನ, ಎತ್ತಿ ಇಳಿಸಿ ನೋಡಿದ ದಿನ. ಎಡದಂಡೆ ಕಾಲುವೆ 200 ಕಿಲೋಮೀಟರಿಗೂ ಮಿಕ್ಕಿ ಹರಿಯುತ್ತದೆ. ಅದರ ಕೊನೆಯಲ್ಲಿರುವ ರಾಯಚೂರು ಕಡೆಯ ರೈತನೂ ಬಿತ್ತುವ ಮೊದಲು ಅದನ್ನು ಓದಿ ತನ್ನ ಲೆಕ್ಕ ಹಾಕಿಕೊಳ್ಳುವಂತಿರಬೇಕು. ಮುಂದಿನ ನೀರಾವರಿ ಸಲಹಾ ಸಮಿತಿ ಸಭೆಗೆ ಹೋಗುವ ಪ್ರತಿನಿಧಿಗಳು ಈ ಒಂದು ವಹಿಯನ್ನು ಕೇಳಿ ಪಡೆಯಲಿ.